ಒಂದೇ ಹಾಲ್‌ನಲ್ಲಿ ಕೂತವರಿಗೆ ಮೂರು ಉತ್ತರ ಯಾಕೆ? ಅಮೆರಿಕದ ಕಾರ್ಮಿಕ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಗೆ,
ಕಾರ್ಮಿಕ ಕಾರ್ಯದರ್ಶಿಯವರು,
ಅಮೆರಿಕದ ಕಾರ್ಮಿಕ ಇಲಾಖೆ,
ಫ್ರಾನ್ಸಿಸ್ ಪರ್ಕಿನ್ಸ್ ಭವನ, ವಾಷಿಂಗ್ಟನ್.

ವಿಷಯ: ಲೇಆಫ್ ಆದ ಸ್ಥಳೀಯರು, ಮಾಜಿ ಸೈನಿಕರು ಮತ್ತು ವೀಸಾದ ಮೇಲಿರುವ ಉದ್ಯೋಗಿಗಳಿಗಾಗಿ ಇರುವ ನಿಮ್ಮ ಕಾರ್ಯಕ್ರಮಗಳನ್ನು ಒಂದಕ್ಕೊಂದು ಜೋಡಿಸುವಂತೆ ಮನವಿ.

ಮಾನ್ಯರೇ,

ನಾನು ಎಚ್-1ಬಿ ವೀಸಾದ ಮೇಲೆ, ಅಂದರೆ ಪರಿಣತ ಕೆಲಸಕ್ಕೆ ಹೊರದೇಶದವರನ್ನು ಕಂಪನಿ ಕರೆಸಿಕೊಳ್ಳುವ ವೀಸಾದ ಮೇಲೆ, ನಿಮ್ಮ ದೇಶದಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹಿಂದಿನ ಕಂಪನಿ ನನ್ನನ್ನು ಲೇಆಫ್ ಮಾಡಿತು. ಹೊಸ ಕೆಲಸ ಹುಡುಕಲು ವೀಸಾದವರಿಗೆ ಇರುವ 60 ದಿನದ ಗಡುವು ಮುಗಿಯುವ ಮೊದಲೇ ಬೇರೆ ಕೆಲಸ ಸಿಕ್ಕಿತು, ಅದು ನನ್ನ ಅದೃಷ್ಟ. ಹಾಗಾಗಿ ಈ ಪತ್ರದಲ್ಲಿ ನನಗಾಗಿ ಕೇಳುವುದು ಏನೂ ಇಲ್ಲ. ಆದರೆ ಆ ದಿನಗಳಲ್ಲಿ ಕಣ್ಣಾರೆ ಕಂಡದ್ದನ್ನು ಸಂಬಂಧಪಟ್ಟವರಿಗೆ ಹೇಳದೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆದು ಎಲ್ಲರ ಮುಂದೆ ಇಡುವುದಕ್ಕೆ ಕಾರಣವಿದೆ. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ನೂರಕ್ಕೆ ಎಪ್ಪತ್ತು ಭಾರತೀಯರವು. ಅವರಲ್ಲಿ ನಮ್ಮ ಕಡೆಯವರು ಬಹಳ ಮಂದಿ. ನಮ್ಮ ಮನೆಗಳಲ್ಲಿ ಲೇಆಫ್ ಅನ್ನೋದು ಮುಚ್ಚಿಡುವ ವಿಷಯ. ಊರಲ್ಲಿರುವ ಅಪ್ಪ ಅಮ್ಮನಿಗೂ ಹೇಳುವುದಿಲ್ಲ. ಭಾನುವಾರ ಮಕ್ಕಳನ್ನು ಕನ್ನಡ ಕ್ಲಾಸಿಗೆ ಬಿಡಲು ಬಂದವರು ಪಾರ್ಕಿಂಗ್ ಜಾಗದಲ್ಲಿ ಪಕ್ಕಕ್ಕೆ ಕರೆದು, "ನಿಮ್ಮಲ್ಲಿ ಏನಾದ್ರೂ ಓಪನಿಂಗ್ ಇದೆಯಾ?" ಎಂದು ಮೆಲ್ಲಗೆ ಕೇಳುತ್ತಾರೆ. ಮೆಲ್ಲಗೆ ಕೇಳುವವರಿಗೆ ತಮಗೆ ಇರುವ ಹಕ್ಕುಗಳೂ ಗೊತ್ತಾಗುವುದಿಲ್ಲ. ಅವರೂ ಇದನ್ನು ಓದಲಿ ಎಂಬುದು ನನ್ನ ಆಸೆ.

ಮೊದಲು ನಾನು ಕಂಡದ್ದನ್ನು ಹೇಳುತ್ತೇನೆ.

ನಮ್ಮ ಕಂಪನಿ ಒಂದೇ ಆವರಣದಲ್ಲಿ ಪ್ಯಾಕಿಂಗ್ ಲೈನನ್ನೂ ಸಾಫ್ಟ್‌ವೇರ್ ತಂಡವನ್ನೂ ಇಟ್ಟುಕೊಂಡಿತ್ತು. ತೆಗೆದವರ ಸಂಖ್ಯೆ ದೊಡ್ಡದು. ಹಾಗಾಗಿ 1988ರ ವಾರ್ನ್ ಕಾಯ್ದೆಯ ಪ್ರಕಾರ 60 ದಿನ ಮೊದಲೇ ನೋಟಿಸ್ ಕೊಡಬೇಕಾಯಿತು. ನೋಟಿಸ್ ಹೋದ ಮೇಲೆ ಲೇಆಫ್ ಆದವರಿಗೆ ದಾರಿ ತೋರಿಸುವ ರಾಜ್ಯದ ರಾಪಿಡ್ ರೆಸ್ಪಾನ್ಸ್ ತಂಡದವರು ಬಂದರು. ಹತ್ತಿರದ ಹೋಟೆಲಿನ ಮೀಟಿಂಗ್ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿದರು. ಪ್ರತಿ ಕುರ್ಚಿಯ ಮೇಲೂ ಒಂದು ನೀಲಿ ಫೋಲ್ಡರ್. ಒಳಗೆ ನಿರುದ್ಯೋಗ ಭತ್ಯೆಗೆ ಹೇಗೆ ಅರ್ಜಿ ಹಾಕಬೇಕು, ಕಂಪನಿಯ ಆರೋಗ್ಯ ವಿಮೆಯನ್ನು ಕೋಬ್ರಾ ಎಂಬ ಕಾನೂನಿನ ಅಡಿಯಲ್ಲಿ ಹೇಗೆ ಮುಂದುವರಿಸಬೇಕು, ರೆಸ್ಯೂಮೆ ತರಗತಿ ಯಾವಾಗ, ಕೆಲಸ ಹುಡುಕಲು ನೆರವಾಗುವ ಹತ್ತಿರದ ಅಮೆರಿಕನ್ ಜಾಬ್ ಸೆಂಟರ್ ಎಲ್ಲಿದೆ ಎಂಬ ಹಾಳೆಗಳು.

ಮಾತಾಡಿದ ಹೆಂಗಸು ಒಳ್ಳೆಯವರು. ಆ ಕೆಲಸವನ್ನು ಎಷ್ಟೋ ವರ್ಷದಿಂದ ಮಾಡಿದವರು ಅನ್ನೋದು ಮಾತಿನಲ್ಲೇ ತಿಳಿಯುತ್ತಿತ್ತು. ಅಳುತ್ತಿದ್ದವರ ಹತ್ತಿರ ಹೋಗಿ ಕೂತು ಮಾತಾಡಿಸಿದರು. ಹಿಂದಿನ ಸಾಲಿನಲ್ಲಿ ನಮ್ಮ ತಂಡದ ಒಬ್ಬಾಕೆ ಕೈ ಎತ್ತಿ, "ವೀಸಾದಲ್ಲಿ ಇರೋರು ಏನು ಮಾಡಬೇಕು?" ಎಂದು ಕೇಳಿದಳು. ಅವರು ಒಂದು ಕ್ಷಣ ತಡೆದು, "ಅದು ನಮ್ಮ ಕಚೇರಿಗೆ ಬರೋದಿಲ್ಲ. ನೀವು ವಕೀಲರನ್ನು ಕೇಳಬೇಕು" ಎಂದರು. ಅವರದೇನೂ ತಪ್ಪಿಲ್ಲ. ಅವರಿಗೆ ಯಾರೂ ಬೇರೆ ಉತ್ತರ ಕೊಟ್ಟು ಕಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮವರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಕುರ್ಚಿಗಳ ಮೇಲೆ ಫೋಲ್ಡರ್‌ಗಳು ಹಾಗೇ ಉಳಿದವು.

ನಾನು ಕೊನೆಯವರೆಗೂ ಕೂತೆ. ನನ್ನ ಒಂದು ಪಕ್ಕದಲ್ಲಿ ಪ್ಯಾಕಿಂಗ್ ಲೈನಿನ ಹಿರಿಯ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಕಾಲೇಜು ಓದಿರಲಿಲ್ಲ. ಇನ್ನೊಂದು ಪಕ್ಕದಲ್ಲಿ ನೌಕಾಪಡೆಯಲ್ಲಿ ಎಲೆಕ್ಟ್ರಾನಿಕ್ಸ್ ತಂತ್ರಜ್ಞನಾಗಿದ್ದು ಹೊರಬಂದ ಮನುಷ್ಯ. ತನ್ನ ಸೇವೆಯ ದಾಖಲೆಯಾದ ಡಿಡಿ-214 ಫಾರಂ ಅನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ತಂದಿದ್ದ. ಒಂದೇ ದಿನ, ಒಂದೇ ಕಂಪನಿ, ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡ ಮೂವರು ನಾವು. ಮೂವರಿಗೂ ಸಂಬಂಧಪಟ್ಟ ಕಾರ್ಯಕ್ರಮಗಳು ಇರುವುದು ನಿಮ್ಮ ಒಂದೇ ಇಲಾಖೆಯಲ್ಲಿ. ಆದರೆ ಅವುಗಳಿಗೆ ಒಂದಕ್ಕೊಂದು ಮಾತೇ ಇಲ್ಲ. ನನ್ನ ದೂರಿನ ತಿರುಳು ಇಷ್ಟೇ.

ನನ್ನ ಕಡೆಯಿಂದಲೇ ಶುರು ಮಾಡುತ್ತೇನೆ. ಒಬ್ಬ ಎಚ್-1ಬಿ ಉದ್ಯೋಗಿ ಒಳಗೆ ಬರುವ ಮೊದಲೇ ನಿಮ್ಮ ಇಲಾಖೆಗೆ ಅವನ ಕೆಲಸದ ಬಗ್ಗೆ ಎಲ್ಲವೂ ಗೊತ್ತಿರುತ್ತದೆ. ಕಂಪನಿ ನಿಮಗೆ ಎಲ್‌ಸಿಎ ಅರ್ಜಿ ಕೊಡುತ್ತದೆ. ಯಾವ ಹುದ್ದೆ, ಯಾವ ಊರು, ಎಷ್ಟು ಸಂಬಳ, ಎಲ್ಲ ಅದರಲ್ಲಿ ಇರುತ್ತದೆ. ನೀವು ಅದನ್ನು ಏಳು ಕೆಲಸದ ದಿನಗಳಲ್ಲಿ ನೋಡಿ ಮುಗಿಸುತ್ತೀರಿ. ಆ ಮಾಹಿತಿಯನ್ನು ಸಾರ್ವಜನಿಕರಿಗೂ ತೆರೆದಿಡುತ್ತೀರಿ. ಸರಿ. ಆದರೆ ಅದೇ ಉದ್ಯೋಗಿಯನ್ನು ಕಂಪನಿ ಹೊರಗೆ ಹಾಕಿದ ದಿನ ನಿಮ್ಮ ಇಲಾಖೆಯಿಂದ ಒಂದು ಹಾಳೆಯೂ ಅವನ ಕೈಗೆ ಬರುವುದಿಲ್ಲ.

2017ರ ಜನವರಿಯಿಂದ ಜಾರಿಗೆ ಬಂದ ನಿಯಮದ ಪ್ರಕಾರ ಅವನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಸಿಗಬೇಕು, ಅದು ಅವನ ಹೆಸರಿನಲ್ಲಿ ಅರ್ಜಿ ಹಾಕಬೇಕು. ಇಲ್ಲವೇ ವೀಸಾ ಬದಲಿಸಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಈಗಿನ ದಿನಗಳಲ್ಲಿ ಒಂದು ಕಂಪನಿಯ ಇಂಟರ್‌ವ್ಯೂ ಸುತ್ತುಗಳೇ ತಿಂಗಳುಗಟ್ಟಲೆ ಎಳೆಯುತ್ತವೆ. ಮನೆಯ ಬಾಡಿಗೆ ಕರಾರು ಅರ್ಧದಲ್ಲಿರುತ್ತದೆ. ಮಗು ಶಾಲೆಯಲ್ಲಿರುತ್ತದೆ. ಹೆಂಡತಿಯ ಅಥವಾ ಗಂಡನ ಕೆಲಸದ ಪರವಾನಗಿಯೂ ಇದೇ ವೀಸಾಕ್ಕೆ ಕಟ್ಟಿಕೊಂಡಿರುತ್ತದೆ. ಹತ್ತು ವರ್ಷಕ್ಕೂ ಜಾಸ್ತಿ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿಯ ಸರದಿಯಲ್ಲಿ ನಿಂತವರಿಗೂ ಇದೇ ಗಡುವು. 2023ರಲ್ಲಿ ಅಧ್ಯಕ್ಷರ ಸಲಹಾ ಆಯೋಗವೊಂದು ಈ ಅವಧಿಯನ್ನು 180 ದಿನಕ್ಕೆ ಏರಿಸಿ ಎಂದು ಶಿಫಾರಸು ಮಾಡಿತ್ತು. ನಿಯಮ ಇನ್ನೂ 60ರಲ್ಲೇ ಇದೆ.

ನಿರುದ್ಯೋಗ ಭತ್ಯೆಯ ವಿಷಯಕ್ಕೆ ಬರೋಣ. ಈ ವಿಮೆ ಶುರುವಾದದ್ದು 1935ರ ಕಾನೂನಿನಿಂದ. ನಿಮ್ಮ ಕಚೇರಿಯ ಕಟ್ಟಡಕ್ಕೆ ಯಾರ ಹೆಸರಿದೆಯೋ ಆ ಫ್ರಾನ್ಸಿಸ್ ಪರ್ಕಿನ್ಸ್ ಅವರೇ ಆಗ ಈ ಹುದ್ದೆಯಲ್ಲಿ ಇದ್ದರು. ಇದಕ್ಕೆ ಕಂಪನಿ ಕಟ್ಟುವ ತೆರಿಗೆಯಲ್ಲಿ ಸ್ಥಳೀಯ ಉದ್ಯೋಗಿ, ಎಚ್-1ಬಿ ಉದ್ಯೋಗಿ ಎಂಬ ಭೇದ ಇಲ್ಲ. ನನ್ನ ಸಂಬಳದ ಲೆಕ್ಕಕ್ಕೂ ಕಂಪನಿ ಕಟ್ಟಿದೆ. ಆದರೆ ಭತ್ಯೆ ಕೇಳಲು ಹೋದರೆ, ನೀನು ಕಾನೂನು ಪ್ರಕಾರ ಇವತ್ತೇ ಯಾವ ಕೆಲಸಕ್ಕಾದರೂ ಸೇರಬಲ್ಲೆಯಾ ಎಂಬ ಪ್ರಶ್ನೆ ಬರುತ್ತದೆ. ಕೆಲಸದ ಅನುಮತಿ ಹಳೆಯ ಕಂಪನಿಯ ಹೆಸರಿಗೇ ಅಂಟಿಕೊಂಡಿರುವವನು ಇಲ್ಲ ಅನ್ನಲೇಬೇಕು. ಅಲ್ಲಿಗೆ ಬಹುತೇಕ ಕಡೆ ಬಾಗಿಲು ಮುಚ್ಚಿತು. ಕಟ್ಟುವಾಗ ಇಲ್ಲದ ಭೇದ ಕೊಡುವಾಗ ಎಲ್ಲಿಂದ ಬಂತು?

ಇನ್ನೊಂದು ದುಡ್ಡಿನ ದಾರಿಯೂ ಇದೆ. ನಮ್ಮವರಲ್ಲೇ ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಚ್-1ಬಿ ಅರ್ಜಿ ಹಾಕುವ ಕಂಪನಿ ತರಬೇತಿ ಶುಲ್ಕ ಅಂತ ಬೇರೆಯೇ ಹಣ ಕಟ್ಟಬೇಕು. 25ಕ್ಕಿಂತ ಜಾಸ್ತಿ ಉದ್ಯೋಗಿಗಳಿದ್ದರೆ 1,500 ಡಾಲರ್, ಇಲ್ಲವಾದರೆ 750 ಡಾಲರ್. ಅದನ್ನು ಉದ್ಯೋಗಿಯಿಂದ ವಸೂಲಿ ಮಾಡುವಂತಿಲ್ಲ. ಈ ಹಣದ ಅರ್ಧ ಭಾಗ ನಿಮ್ಮ ಇಲಾಖೆಗೆ ಬರುತ್ತದೆ. ಸ್ಥಳೀಯ ಕಾರ್ಮಿಕರಿಗೆ ಹೊಸ ಕೌಶಲ ಕಲಿಸಲು ಅದನ್ನು ಖರ್ಚು ಮಾಡಬೇಕು ಅನ್ನುವುದು ಕಾನೂನು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ನಾನು ಬಂದಿದ್ದರಿಂದ ಇಲ್ಲಿಯ ಒಬ್ಬರಿಗೆ ತರಬೇತಿ ಸಿಕ್ಕಿತು ಅಂದರೆ ನನಗೆ ಹೆಮ್ಮೆಯೇ. ನನ್ನ ಪ್ರಶ್ನೆ ಬೇರೆ. ನನ್ನ ಪಕ್ಕದಲ್ಲಿ ಕೂತಿದ್ದ ಆ ಪ್ಯಾಕಿಂಗ್ ಲೈನಿನ ಅಮ್ಮನಿಗೆ ಇಂಥದ್ದೊಂದು ನಿಧಿ ಇದೆ ಎಂದು ಯಾರಾದರೂ ಹೇಳಿದರಾ? ಆ ಫೋಲ್ಡರಿನಲ್ಲಿ ಅದರ ಒಂದು ಸಾಲೂ ಇರಲಿಲ್ಲ. ಹಣ ಬಂದದ್ದು ನಮ್ಮ ಹೆಸರಿನಲ್ಲಿ, ಹೋಗಬೇಕಾದದ್ದು ಅವರ ಕೈಗೆ. ಇಬ್ಬರೂ ಅಕ್ಕಪಕ್ಕ ಕೂತಿದ್ದರೂ ಇಬ್ಬರಿಗೂ ಅದರ ಸುಳಿವಿಲ್ಲ.

ಆ ಅಮ್ಮನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅವರ ಪ್ಯಾಕಿಂಗ್ ಲೈನಿನ ಕೆಲಸ ಹೊರದೇಶದ ಘಟಕವೊಂದಕ್ಕೆ ಹೋಗುತ್ತಿದೆ ಎಂದು ಕಂಪನಿಯವರೇ ಹೇಳಿದ್ದರು. ಹಿಂದೆ ಇಂಥವರಿಗೆಂದೇ ಟಿಎಎ ಅನ್ನುವ ಕಾರ್ಯಕ್ರಮ ಇತ್ತು. ಅಧ್ಯಕ್ಷ ಕೆನಡಿಯವರ ಕಾಲದಲ್ಲಿ, 1962ರ ವ್ಯಾಪಾರ ಕಾಯ್ದೆಯಿಂದ ಹುಟ್ಟಿದ್ದು. ವಿದೇಶಿ ವ್ಯಾಪಾರದಿಂದ ಕೆಲಸ ಹೋದವರಿಗೆ ತರಬೇತಿಯ ಖರ್ಚು, 130 ವಾರಗಳವರೆಗೆ ಆದಾಯದ ಆಸರೆ, ಬೇರೆ ಊರಿಗೆ ಹೋಗಲು ನೆರವು, ಎಲ್ಲ ಅದರಲ್ಲಿತ್ತು. ಐವತ್ತು ದಾಟಿದವರು ಕಡಿಮೆ ಸಂಬಳದ ಹೊಸ ಕೆಲಸಕ್ಕೆ ಸೇರಿದರೆ, ಹಳೆ ಹೊಸ ಸಂಬಳಗಳ ವ್ಯತ್ಯಾಸದ ಅರ್ಧವನ್ನು ಎರಡು ವರ್ಷದಲ್ಲಿ 10,000 ಡಾಲರ್‌ವರೆಗೆ ತುಂಬಿಕೊಡುತ್ತಿದ್ದರು. ಆ ವಯಸ್ಸಿನವರ ಕಷ್ಟ ಅರಿತು ಮಾಡಿದ್ದ ವ್ಯವಸ್ಥೆ ಅದು. 2022ರ ಜುಲೈ 1ಕ್ಕೆ ಕಾರ್ಯಕ್ರಮದ ಅವಧಿ ಮುಗಿಯಿತು. ಸಂಸತ್ತು ಮುಂದುವರಿಸಲಿಲ್ಲ. ಅಂದಿನಿಂದ ಹೊಸ ಅರ್ಜಿಗಳ ಮೇಲೆ ತೀರ್ಮಾನ ಕೊಡುವ ಅಧಿಕಾರವೇ ನಿಮ್ಮ ಇಲಾಖೆಗಿಲ್ಲ. ಅರವತ್ತು ವರ್ಷ ನಡೆದುಕೊಂಡು ಬಂದದ್ದು ಹೀಗೆ ನಿಂತಿತು. ವಿದೇಶಿಯರಿಂದ ಕೆಲಸ ಹೋಯಿತು ಎಂದು ಭಾಷಣ ಮಾಡುವವರಿಗೆ ಏನೂ ಕೊರತೆ ಇಲ್ಲ. ಕೆಲಸ ಹೋದವರಿಗೆ ಕೊಡುತ್ತಿದ್ದುದನ್ನು ಮತ್ತೆ ಕೊಡಿ ಎಂದು ಕೇಳುವವರು ಬಹಳ ಕಡಿಮೆ. ನಾನು ಒಬ್ಬ ವಿದೇಶಿ, ಆದರೂ ಕೇಳುತ್ತಿದ್ದೇನೆ. ಟಿಎಎ ಮತ್ತೆ ಬರಬೇಕು. ನೀವು ಸಂಸತ್ತಿನ ಮುಂದೆ ನಿಂತು ಬಹಿರಂಗವಾಗಿ ಇದನ್ನು ಕೇಳಬೇಕು.

ಇನ್ನು ಮಾಜಿ ಸೈನಿಕ. ಅವರ ವಿಷಯದಲ್ಲಿ ನಿಮ್ಮ ದೇಶ ಕಾನೂನು ಮಾಡುವುದರಲ್ಲಿ ಹಿಂದೆ ಬಿದ್ದಿಲ್ಲ. 2002ರ ಕಾಯ್ದೆ ನಿಮ್ಮ ಹಣದಿಂದ ನಡೆಯುವ ಎಲ್ಲ ಉದ್ಯೋಗ ಕಾರ್ಯಕ್ರಮಗಳಲ್ಲೂ ಅವರಿಗೆ ಮೊದಲ ಆದ್ಯತೆ ಕೊಟ್ಟಿದೆ. 2011ರ ಕಾಯ್ದೆ, ಸೇನೆ ಬಿಡುವ ಮೊದಲು ನಾಗರಿಕ ಬದುಕಿಗೆ ಸಿದ್ಧಪಡಿಸುವ ತರಬೇತಿಯನ್ನು ಕಡ್ಡಾಯ ಮಾಡಿತು. ಜಾಬ್ ಸೆಂಟರ್‌ಗಳಲ್ಲಿ ಅವರಿಗೆಂದೇ ಪ್ರತ್ಯೇಕ ಸಿಬ್ಬಂದಿ ಇದ್ದಾರೆ. ಆದರೆ ಆ ಮನುಷ್ಯ ಹೇಳಿದ್ದು ಇಷ್ಟು: ಅಂಗವೈಕಲ್ಯ, ಮನೆಯಿಲ್ಲದಿರುವುದು, ಇಂಥ ದೊಡ್ಡ ಅಡ್ಡಿಗಳು ಇದ್ದವರನ್ನು ಆ ವಿಶೇಷ ಸಿಬ್ಬಂದಿ ನೋಡುತ್ತಾರೆ. ಅವನು ಆ ಪಟ್ಟಿಗೆ ಬರುವುದಿಲ್ಲ. ಸಾಮಾನ್ಯ ಕೌಂಟರಿನಲ್ಲಿ ಅವನಿಗೆ ಮೊದಲ ಸರದಿ. ಆದರೆ ಅವನಿಗೆ ಬೇಕಾದ ತರಬೇತಿಗೆ ಆ ವರ್ಷದ ಹಣ ಮುಗಿದಿತ್ತು. ಸಾಲಿನಲ್ಲಿ ಮುಂದೆ ನಿಲ್ಲಿಸಿದರೂ ಒಳಗೆ ಜಾಗ ಇಲ್ಲದಿದ್ದರೆ ಏನು ಬಂತು? ಹಡಗಿನ ರಾಡಾರ್ ರಿಪೇರಿ ಮಾಡಿದ ಕೈಗೆ, ನಾಗರಿಕ ಬದುಕಿನಲ್ಲಿ ಅದೇ ಥರದ ಕೆಲಸಕ್ಕೆ ಬೇಕಾದ ಸರ್ಟಿಫಿಕೇಟ್ ಇಲ್ಲ ಎಂದು ಹೇಳಿದ್ದಾರೆ. ಅವನು ಇದನ್ನು ಕೋಪದಿಂದ ಹೇಳಲಿಲ್ಲ. ಆ ಫಾರಂ ಅನ್ನು ಕವರಿನಿಂದ ತೆಗೆದು ನನಗೆ ತೋರಿಸಿ, ಮತ್ತೆ ಒಳಗಿಟ್ಟ.

ಅವನು ನನ್ನನ್ನು ಒಂದು ಮಾತು ಕೇಳಿದ. ನಿಮ್ಮಂಥವರ ಗ್ರೀನ್ ಕಾರ್ಡಿಗೆ ಕಂಪನಿ ಅರ್ಜಿ ಹಾಕಿದ ಹುದ್ದೆಗಳು ನನ್ನಂಥವನಿಗೆ ಯಾಕೆ ಕಾಣಿಸುವುದಿಲ್ಲ? ನ್ಯಾಯವಾದ ಪ್ರಶ್ನೆ. ಅದನ್ನು ನಿಮ್ಮ ಮುಂದೆ ಇಡಬೇಕು ಎಂದು ನಾನು ಅಲ್ಲೇ ಅಂದುಕೊಂಡೆ.

ನಿಮ್ಮ ಪರ್ಮ್ ನಿಯಮದ ಪ್ರಕಾರ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಮೊದಲು ಆ ಹುದ್ದೆಗೆ ಅರ್ಹ ಸ್ಥಳೀಯರು ಇಲ್ಲ ಎಂದು ಕಂಪನಿ ತೋರಿಸಬೇಕು. ಭಾನುವಾರದ ಪತ್ರಿಕೆಯಲ್ಲಿ ಎರಡು ಸಲ ಜಾಹೀರಾತು, ರಾಜ್ಯದ ಉದ್ಯೋಗ ಸಂಸ್ಥೆಯಲ್ಲಿ 30 ದಿನದ ಪ್ರಕಟಣೆ, ಹೀಗೆ. ಸಾಫ್ಟ್‌ವೇರ್ ಕೆಲಸ ಹುಡುಕುವವರು ಭಾನುವಾರದ ಪತ್ರಿಕೆ ತಿರುವಿ ಹಾಕುತ್ತಾರಾ? ಫೇಸ್‌ಬುಕ್ ಇಂಥ ಹುದ್ದೆಗಳನ್ನು ತನ್ನ ಉದ್ಯೋಗ ಪುಟದಲ್ಲಿ ಹಾಕದೆ, ಅರ್ಜಿಯನ್ನು ಅಂಚೆಯಲ್ಲೇ ಕಳಿಸಿ ಅನ್ನುತ್ತಿತ್ತು ಎಂಬುದು ನ್ಯಾಯ ಇಲಾಖೆಯ ಆರೋಪವಾಗಿತ್ತು. 2021ರ ಅಕ್ಟೋಬರಿನಲ್ಲಿ ಆ ಕಂಪನಿ 1.425 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಿತು. 2023ರ ನವೆಂಬರಿನಲ್ಲಿ ಇಂಥದ್ದೇ ಆರೋಪದ ಮೇಲೆ ಆ್ಯಪಲ್ ಕಂಪನಿಯ ಜೊತೆ 2.5 ಕೋಟಿ ಡಾಲರ್ ಒಪ್ಪಂದ ಆಯಿತು. ಇದರಲ್ಲಿ ಎಚ್-1ಬಿ ಉದ್ಯೋಗಿಯ ಕೈವಾಡ ಏನೂ ಇಲ್ಲ. ಜಾಹೀರಾತು ಎಲ್ಲಿ ಹಾಕಬೇಕು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಆದರೆ ಸಿಟ್ಟು ಬಂದು ಬೀಳುವುದು ನಮ್ಮ ಮೇಲೆ.

ನಿಮ್ಮದೇ ನಿಯಮದಲ್ಲಿ ಇದಕ್ಕೆ ಒಂದು ಒಳ್ಳೆಯ ಮದ್ದಿದೆ. ಅರ್ಜಿಗೆ ಹಿಂದಿನ ಆರು ತಿಂಗಳಲ್ಲಿ ಆ ಕಂಪನಿ ಅದೇ ಪ್ರದೇಶದಲ್ಲಿ, ಅದೇ ಅಥವಾ ಅದಕ್ಕೆ ಹತ್ತಿರದ ಕೆಲಸದಿಂದ ಸ್ಥಳೀಯರನ್ನು ತೆಗೆದಿದ್ದರೆ, ಅರ್ಹರಾದವರಿಗೆಲ್ಲ ತಿಳಿಸಿ ಅವರನ್ನು ಪರಿಗಣಿಸಿದ್ದಕ್ಕೆ ದಾಖಲೆ ಇಡಬೇಕು. ಒಳ್ಳೆಯ ನಿಯಮ. ಆದರೆ ಲೇಆಫ್ ಆದ ಎಷ್ಟು ಜನಕ್ಕೆ ಇದು ಗೊತ್ತು? ನಮ್ಮ ಹಾಲ್‌ನಲ್ಲಿ ಯಾರೂ ಇದನ್ನು ಹೇಳಲಿಲ್ಲ. ಒಂದು ಕಡೆ ವಾರ್ನ್ ನೋಟಿಸ್‌ಗಳು ರಾಜ್ಯಗಳ ಕಡತದಲ್ಲಿ. ಇನ್ನೊಂದು ಕಡೆ ಪರ್ಮ್ ಮತ್ತು ಎಲ್‌ಸಿಎ ಅರ್ಜಿಗಳು ನಿಮ್ಮ ಕಡತದಲ್ಲಿ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಸಾಕು, ಯಾವ ಕಂಪನಿ ಒಂದು ಕೈಯಲ್ಲಿ ತೆಗೆದು ಇನ್ನೊಂದು ಕೈಯಲ್ಲಿ ಅರ್ಜಿ ಹಾಕಿದೆ ಎಂದು ತಿಳಿಯುತ್ತದೆ. ಇದು ನನ್ನ ಮುಖ್ಯ ಬೇಡಿಕೆ. ವಾರ್ನ್ ನೋಟಿಸ್ ಬಂದ ಕೂಡಲೇ ಆ ಕಂಪನಿಯ ಅರ್ಜಿಗಳನ್ನು ನಿಮ್ಮ ಇಲಾಖೆ ತೆರೆದು ನೋಡಲಿ. ಹೊಂದುವ ಹುದ್ದೆಗಳಿದ್ದರೆ ಅವುಗಳ ಪಟ್ಟಿ ರಾಪಿಡ್ ರೆಸ್ಪಾನ್ಸ್ ತಂಡದ ಕೈ ಸೇರಲಿ. ಆ ಪಟ್ಟಿ ಫೋಲ್ಡರಿನ ಮೊದಲ ಹಾಳೆಯಾಗಿರಲಿ. ಆ ನೌಕಾಪಡೆಯ ಮನುಷ್ಯನಿಗೆ ಕೊಟ್ಟ ಆದ್ಯತೆಗೆ ಆಗ ಒಂದು ಬೆಲೆ ಬರುತ್ತದೆ.

ಎಚ್-1ಬಿ ಉದ್ಯೋಗಿಗಳ ಮೇಲೇ ಹೆಚ್ಚು ಅವಲಂಬಿಸಿದ ಕಂಪನಿಗಳು ಸ್ಥಳೀಯರನ್ನು ತೆಗೆದು ಆ ಜಾಗಕ್ಕೆ ನಮ್ಮನ್ನು ತರುವುದಿಲ್ಲ ಎಂದು ಬರೆದುಕೊಡಬೇಕು. ಆದರೆ ತರುವ ಉದ್ಯೋಗಿಯ ಸಂಬಳ ವರ್ಷಕ್ಕೆ 60,000 ಡಾಲರ್ ಇದ್ದರೆ, ಅಥವಾ ಅವನಿಗೆ ಸ್ನಾತಕೋತ್ತರ ಪದವಿ ಇದ್ದರೆ, ಆ ಮಾತು ಅನ್ವಯಿಸುವುದಿಲ್ಲ. ಈ 60,000 ಅನ್ನುವ ಮೊತ್ತ ಇಟ್ಟಿದ್ದು 1998ರಲ್ಲಿ. ಇಂದಿಗೂ ಅದೇ ಇದೆ. ಇಷ್ಟು ವರ್ಷದಲ್ಲಿ ಎಲ್ಲದರ ಬೆಲೆ ಎಲ್ಲಿಗೆ ಹೋಯಿತು ಎಂದು ನಾನು ನಿಮಗೆ ಹೇಳಬೇಕಿಲ್ಲ. ಇದನ್ನು ಬದಲಿಸುವುದು ಸಂಸತ್ತಿನ ಕೆಲಸ, ನಿಜ. ಬದಲಿಸಿ ಎಂದು ಕೇಳುವುದು ನಿಮ್ಮ ಕೆಲಸ ಅಲ್ವಾ?

ವಾರ್ನ್ ಕಾಯ್ದೆಯ ಬಗ್ಗೆಯೂ ಒಂದು ಮಾತು. 100ಕ್ಕಿಂತ ಕಡಿಮೆ ಉದ್ಯೋಗಿಗಳ ಕಂಪನಿಗೆ ಅದು ಅನ್ವಯಿಸುವುದಿಲ್ಲ. ಅನ್ವಯಿಸುವ ಕಡೆ ಕಂಪನಿ ಅದನ್ನು ಮುರಿದರೂ ನಿಮ್ಮ ಇಲಾಖೆ ಕ್ರಮ ತೆಗೆದುಕೊಳ್ಳುವಂತಿಲ್ಲ. ಕಾರ್ಮಿಕನೇ ಫೆಡರಲ್ ಕೋರ್ಟಿಗೆ ಹೋಗಬೇಕು. ಕೆಲಸ ಇಲ್ಲದವನು ವಕೀಲರಿಗೆ ಎಲ್ಲಿಂದ ಹಣ ತರಬೇಕು? ಜಾರಿ ಮಾಡುವ ಅಧಿಕಾರ ನಿಮಗೆ ಬೇಕು.

ಈಗ ಕೊನೆಯದಾಗಿ ವೀಸಾದವರ ವಿಷಯದಲ್ಲಿ ನೀವು ಇವತ್ತೇ ಮಾಡಬಹುದಾದದ್ದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಅವಧಿ ಮುಗಿಯುವ ಮೊದಲೇ ಎಚ್-1ಬಿ ಉದ್ಯೋಗಿಯನ್ನು ತೆಗೆದರೆ ಸ್ವದೇಶಕ್ಕೆ ಮರಳುವ ಪ್ರಯಾಣದ ಖರ್ಚನ್ನು ಕಂಪನಿಯೇ ಕೊಡಬೇಕು ಅನ್ನುವುದು ನಿಯಮ. ನಮ್ಮ ಹಾಲ್‌ನಿಂದ ಎದ್ದು ಹೋದವರಲ್ಲಿ ಒಬ್ಬನು ಹೆಂಡತಿ ಮಕ್ಕಳ ಸಮೇತ ಸ್ವಂತ ಖರ್ಚಿನಲ್ಲಿ ಬೆಂಗಳೂರಿಗೆ ವಾಪಸಾದ. ಅವನ ಟಿಕೆಟ್ ಕಂಪನಿ ಕೊಡಬೇಕಿತ್ತು ಎಂಬುದು ಅವನಿಗೆ ತಿಳಿದದ್ದು ಊರು ಸೇರಿದ ಮೇಲೆ. ಕಂಪನಿಯ ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಎಚ್-2ಎ ವೀಸಾದಲ್ಲಿ ಬರುವ ಹೊಲದ ಕೆಲಸಗಾರರಿಗೆ ಕರಾರಿನ ನಾಲ್ಕನೇ ಮೂರು ಭಾಗದಷ್ಟು ಕೆಲಸವನ್ನು ನಿಮ್ಮ ನಿಯಮವೇ ಖಾತ್ರಿ ಮಾಡುತ್ತದೆ. ಅಷ್ಟು ಕೆಲಸ ಕೊಡದಿದ್ದರೆ ಮಾಲೀಕ ಆ ಕೂಲಿಯನ್ನು ತುಂಬಿಕೊಡಬೇಕು. ಅಂದರೆ ಹೊರಗಿನವರಿಗೂ ರಕ್ಷಣೆ ಕೊಡುವುದು ನಿಮ್ಮ ಇಲಾಖೆಗೆ ಹೊಸದಲ್ಲ. ಎಚ್-1ಬಿ ಉದ್ಯೋಗಿಗೆ ನಾವು ಕೇಳುತ್ತಿರುವುದು ಅದಕ್ಕಿಂತ ಚಿಕ್ಕದು. ಒಂದು ಹಾಳೆ. ಅದರಲ್ಲಿ 60 ದಿನದ ಲೆಕ್ಕ ಯಾವಾಗ ಶುರುವಾಗುತ್ತದೆ, ಪ್ರಯಾಣದ ಖರ್ಚು ಯಾರದು, ಬಾಕಿ ಸಂಬಳ ಉಳಿದಿದ್ದರೆ ಡಬ್ಲ್ಯುಎಚ್-4 ಫಾರಂನಲ್ಲಿ ಹೇಗೆ ದೂರು ಕೊಡಬೇಕು, ಇಷ್ಟು ಇದ್ದರೆ ಸಾಕು. ಅದನ್ನು ನೋಟಿಸ್ ಜೊತೆ ಕೊಡುವಂತೆ ಮಾಡಿ. ರಾಪಿಡ್ ರೆಸ್ಪಾನ್ಸ್ ತಂಡದವರಿಗೂ ಅದನ್ನು ಕೊಟ್ಟು ಕಳಿಸಿ.

2025ರ ಸೆಪ್ಟೆಂಬರ್ 19ರಂದು ಎರಡು ಘೋಷಣೆ ಆದವು. ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಎಂಬುದು ಒಂದು. ಎಚ್-1ಬಿ ದುರುಪಯೋಗ ಪತ್ತೆಗೆ ನಿಮ್ಮ ಇಲಾಖೆ ಶುರು ಮಾಡಿದ ಪ್ರಾಜೆಕ್ಟ್ ಫೈರ್‌ವಾಲ್ ಇನ್ನೊಂದು. ಒಳಗೆ ಬರುವ ಬಾಗಿಲಿನ ಬಗ್ಗೆ ಎಷ್ಟು ಯೋಚಿಸಿದ್ದೀರಿ ಅನ್ನೋದು ಇದರಲ್ಲಿ ಕಾಣುತ್ತದೆ. ತನಿಖೆಯನ್ನು ನಾನು ಸ್ವಾಗತಿಸುತ್ತೇನೆ. ಮೋಸ ಮಾಡುವ ಕಂಪನಿಗಳಿಂದ ಮೊದಲು ಪೆಟ್ಟು ತಿನ್ನುವವರು ನಾವೇ. ಎಲ್‌ಸಿಎಯಲ್ಲಿ ಒಂದು ಸಂಬಳ ಬರೆದು ಕೈಗೆ ಇನ್ನೊಂದು ಕೊಡುವುದು, ಪ್ರಾಜೆಕ್ಟ್ ಇಲ್ಲ ಎಂದು ಸಂಬಳವಿಲ್ಲದೆ ಬೆಂಚಿನಲ್ಲಿ ಕೂರಿಸುವುದು, ಇವೆಲ್ಲ ಕಾನೂನಿಗೆ ವಿರುದ್ಧ. ಇವುಗಳಿಗೆ ಸಾಕ್ಷಿ ಯಾರು? ಆ ಉದ್ಯೋಗಿಯೇ. ಅವನು ದೂರು ಕೊಟ್ಟರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ 60 ದಿನದಲ್ಲಿ ದೇಶ ಬಿಡುತ್ತಾನೆ. ಅವನ ಜೊತೆ ಸಾಕ್ಷಿಯೂ ಹೋಗುತ್ತದೆ. ನಿಮ್ಮ ತನಿಖೆ ನಿಜವಾಗಿ ನಡೆಯಬೇಕಾದರೆ, ದೂರು ಕೊಟ್ಟವನು ತನಿಖೆ ಮುಗಿಯುವವರೆಗೆ ಇಲ್ಲೇ ಇದ್ದು ಬೇರೆ ಕಡೆ ಕೆಲಸ ಮಾಡುವ ಅವಕಾಶ ಇರಬೇಕು. ವೀಸಾ ನಿಮ್ಮ ಇಲಾಖೆಯದಲ್ಲ, ಗೃಹಭದ್ರತೆ ಇಲಾಖೆಯದು ಎಂದು ನನಗೆ ಗೊತ್ತು. ಆದರೆ ತನಿಖೆ ನಿಮ್ಮದು. ಆ ಇಲಾಖೆಗೆ ಪತ್ರ ಬರೆದು, ಲೇಆಫ್ ಆದವರಿಗೆ 180 ದಿನ ಕೊಡಿ, ದೂರುದಾರರಿಗೆ ರಕ್ಷಣೆ ಕೊಡಿ ಎಂದು ನಿಮಗಿಂತ ಗಟ್ಟಿಯಾಗಿ ಕೇಳಬಲ್ಲವರು ಇನ್ಯಾರೂ ಇಲ್ಲ.

ಇದನ್ನು ಓದುತ್ತಿರುವ ನಮ್ಮ ಕನ್ನಡದವರಿಗೂ ಎರಡು ಮಾತು. ಲೇಆಫ್ ಆದರೆ ರಾಪಿಡ್ ರೆಸ್ಪಾನ್ಸ್ ಸಭೆಗೆ ಹೋಗಿ. ಅಲ್ಲಿ ನಮಗೇನೂ ಇಲ್ಲ ಎಂದು ಅರ್ಧಕ್ಕೆ ಎದ್ದು ಬರಬೇಡಿ. ಕೋಬ್ರಾ ವಿಮೆ ನಿಮಗೂ ಅನ್ವಯಿಸುತ್ತದೆ. ಮರಳಿ ಹೋಗುವ ಟಿಕೆಟ್ ಹಣ ನಿಮ್ಮ ಹಕ್ಕು, ಬರವಣಿಗೆಯಲ್ಲಿ ಕೇಳಿ. ಪಕ್ಕದ ಕುರ್ಚಿಯಲ್ಲಿ ಕೂತವರ ಜೊತೆ ಮಾತಾಡಿ. ನಮ್ಮನ್ನು ನೋಡಿ ಸಿಟ್ಟಾದವರೂ ಇರುತ್ತಾರೆ. ಅವರ ಕೆಲಸವೂ ಅವತ್ತೇ ಹೋಗಿರುತ್ತದೆ.

ಕಾರ್ಯದರ್ಶಿಯವರೇ, ದೇಶದಲ್ಲಿ ಸುಮಾರು 2,300 ಅಮೆರಿಕನ್ ಜಾಬ್ ಸೆಂಟರ್‌ಗಳಿವೆ. ಅವುಗಳಲ್ಲಿ ಕೂತ ಸಿಬ್ಬಂದಿಗೆ ಕೆಲಸದ ಮೇಲೆ ಪ್ರೀತಿ ಇದೆ, ನಾನು ನೋಡಿದ್ದೇನೆ. ಅವರ ಕೈಗೆ ಸರಿಯಾದ ಹಾಳೆಗಳನ್ನು ಕೊಡುವುದು ನಿಮ್ಮಿಂದ ಆಗಬೇಕಾದ ಕೆಲಸ. ವಾರ್ನ್ ನೋಟಿಸ್‌ಗಳನ್ನು ಪರ್ಮ್ ಅರ್ಜಿಗಳ ಜೊತೆ ತಾಳೆ ನೋಡುವ ವ್ಯವಸ್ಥೆ ಮಾಡುತ್ತೀರಾ ಇಲ್ಲವಾ, ವೀಸಾದವರಿಗೆ ಹಕ್ಕುಗಳ ಹಾಳೆ ಕೊಡುತ್ತೀರಾ ಇಲ್ಲವಾ, ಟಿಎಎ ಮರಳಿ ತರಲು ಸಂಸತ್ತನ್ನು ಕೇಳುತ್ತೀರಾ ಇಲ್ಲವಾ, ಈ ಮೂರಕ್ಕೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಉತ್ತರ ಬಂದರೆ ಅದನ್ನೂ ಕನ್ನಡಕ್ಕೆ ತಂದು ಇದೇ ರೀತಿ ಎಲ್ಲರ ಮುಂದೆ ಇಡುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಎಚ್-1ಬಿ ವೀಸಾದ ಮೇಲಿರುವ ಒಬ್ಬ ಕನ್ನಡಿಗ ಉದ್ಯೋಗಿ